ತೋಟದ ಲೆಕ್ಕದ ಆ್ಯಪ್ ಕೊಯ್ಲು ಮುಗಿಯುವವರೆಗೆ ಉಳಿಯಬೇಕಾದರೆ: ಬಳಸುವವರನ್ನು ಅರಿಯುವುದರಿಂದ ಬಿಡುಗಡೆಯವರೆಗೆ

ಕೊಡಗಿನ ಕಾಫಿ ತೋಟಗಳಿಗೆಂದು ಮಾಡಿದ ಹಾಜರಿ, ತೂಕ, ಬಟವಾಡೆಯ (ವಾರದ ಕೂಲಿ ಹಂಚಿಕೆಯ) ಆ್ಯಪ್‌ಗಳು ಸೋಲುವ ಬಗೆ ಹೆಚ್ಚುಕಡಿಮೆ ಒಂದೇ. ಡೆಮೊ ದಿನ ಮಾಲೀಕರಿಗೆ ಇಷ್ಟವಾಗುತ್ತದೆ. ಮೊದಲ ವಾರ ರೈಟರು (ತೋಟದ ಲೆಕ್ಕ ಬರೆಯುವವರು) ಮೊಬೈಲ್ ಹಿಡಿದು ತೂಕದ ಜಾಗದಲ್ಲಿ ನಿಲ್ಲುತ್ತಾರೆ. ಎರಡನೇ ಬಟವಾಡೆಯಲ್ಲಿ ಯಾರದೋ ಲೆಕ್ಕ ಹತ್ತು ರೂಪಾಯಿ ಕಡಿಮೆ ಬಂದು ಮಾತಿಗೆ ಮಾತು ಬೆಳೆಯುತ್ತದೆ. ಮೂರನೇ ವಾರ ಮೊಬೈಲ್ ಜೇಬಿಗೆ, ನೋಟ್‌ಬುಕ್ ಕೈಗೆ.

ಕೋಡ್ ಬರೆಯಲು ಬಾರದವರು ಮಾಡಿದ ಆ್ಯಪ್‌ಗಳಲ್ಲ ಇವು. ಕೆಲಸದ ಕ್ರಮ ಮಾತ್ರ ತಲೆಕೆಳಗಾಗಿರುತ್ತದೆ: ಮೊದಲು ಸ್ಕ್ರೀನ್, ಆಮೇಲೆ ಬಳಸುವವರು, ಕೊನೆಗೆ ಸಮಯ ಉಳಿದರೆ ಪರೀಕ್ಷೆ. ರೈಟರ ನೋಟ್‌ಬುಕ್ಕನ್ನೇ ಆಧಾರವಾಗಿಟ್ಟುಕೊಂಡು ಈ ಕ್ರಮವನ್ನು ನೇರ ಮಾಡುವುದು ಹೇಗೆ ಎಂಬುದಷ್ಟೇ ಇಲ್ಲಿದೆ. ಹೋಂಸ್ಟೇ ಬುಕಿಂಗ್, ಹಾಲಿನ ಡೈರಿ, ಸಹಕಾರ ಸಂಘದ ಗೊಬ್ಬರ ವಿತರಣೆ ಮುಂತಾದ ಬೇರೆ ಕೆಲಸಕ್ಕೂ ಇದೇ ಹಂತಗಳು ಹೊಂದುತ್ತವೆ, ಅಳತೆ ಮತ್ತು ಪದಗಳು ಮಾತ್ರ ಬದಲಾಗುತ್ತವೆ.

## ಮೊದಲು ಕೂಡಿಸಿಟ್ಟುಕೊಳ್ಳಬೇಕಾದದ್ದು

2 ಅಥವಾ 3 ಜಿಬಿ ರ್‍ಯಾಮ್‌ನ, ನಾಲ್ಕೈದು ವರ್ಷ ಹಳೆಯ ಎರಡು ಆಂಡ್ರಾಯ್ಡ್ ಫೋನ್‌ಗಳು ಬೇಕು. ಒಂದರ ಪರದೆ ಸ್ವಲ್ಪ ಬಿರುಕು ಬಿಟ್ಟಿದ್ದರೆ ಇನ್ನೂ ಒಳ್ಳೆಯದು. ಬೇರೆ ಬೇರೆ ಕಂಪನಿಯ ಎರಡು ಸಿಮ್, ನೇತುಹಾಕುವ ಒಂದು ತಕ್ಕಡಿ, ಎರಡು ಗೋಣಿಚೀಲ, ಪವರ್ ಬ್ಯಾಂಕ್, ನೀರು ಹೋಗದ ಪ್ಲಾಸ್ಟಿಕ್ ಕವರ್, ಬಿಳಿ ಹಾಳೆ, ದಪ್ಪ ಸ್ಕೆಚ್ ಪೆನ್ನು. ಲ್ಯಾಪ್‌ಟಾಪ್ ಗಾಡಿಯಲ್ಲೇ ಇರಲಿ. ಅದನ್ನು ತೆರೆದ ಕೂಡಲೇ ಎದುರಿನವರು ನಿಮ್ಮನ್ನು ಯಾವುದೋ ಇಲಾಖೆಯಿಂದ ಬಂದವರೆಂದು ತಿಳಿದು ಅಳೆದು ತೂಗಿ ಮಾತಾಡಲು ಶುರು ಮಾಡುತ್ತಾರೆ.

## ಹಂತ 1: ದುಡ್ಡು ಕೊಡುವವರನ್ನೂ ಬಳಸುವವರನ್ನೂ ಬೇರೆ ಮಾಡಿ

ಒಂದು ಹಾಳೆಯಲ್ಲಿ ಎರಡು ಅಂಕಣ ಹಾಕಿ. ಎಡಗಡೆ ಆ್ಯಪ್‌ಗೆ ದುಡ್ಡು ಕೊಡುವವರು, ಬಲಗಡೆ ಅದನ್ನು ಬೆರಳಿನಿಂದ ಮುಟ್ಟುವವರು. ಮಧ್ಯಮ ಗಾತ್ರದ ತೋಟದಲ್ಲಿ ಎಡಗಡೆ ಮಾಲೀಕರು ಒಬ್ಬರೇ. ಅವರು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರಲೂಬಹುದು. ಬಲಗಡೆ ರೈಟರು, ಮೇಸ್ತ್ರಿ, ಕೆಲವೊಮ್ಮೆ ಮನೆಯಲ್ಲಿರುವ ಹಿರಿಯರು.

ಇದರ ಕೆಳಗೆ ಮೂರನೇ ಗುಂಪೊಂದನ್ನು ಬರೆಯಿರಿ: ಆ್ಯಪ್ ಮುಟ್ಟದೆ ಅದರ ಫಲ ಉಣ್ಣುವವರು. ಲೈನ್ ಮನೆಯಲ್ಲಿ, ಅಂದರೆ ತೋಟದ ಸಾಲುಮನೆಗಳಲ್ಲಿ, ಇರುವ ಕೆಲಸಗಾರರು ಸ್ಕ್ರೀನ್ ನೋಡುವುದೇ ಇಲ್ಲ, ಆದರೆ ಅವರ ವಾರದ ಕೂಲಿ ಅದರೊಳಗಿರುತ್ತದೆ. ಅವರಿಗೆ ಲೆಕ್ಕ ಅರ್ಥವಾಗದಿದ್ದರೆ ರೈಟರು ಆ್ಯಪ್ ಬಿಡುತ್ತಾರೆ, ಏಕೆಂದರೆ ಜಗಳ ಬಂದಾಗ ಎದುರು ನಿಲ್ಲುವವರು ರೈಟರೇ.

ಸಣ್ಣ ಹಿಡುವಳಿಯಲ್ಲಿ ಈ ಎಲ್ಲ ಪಾತ್ರವೂ ಒಬ್ಬರದ್ದೇ. ಮೂರು ಎಕರೆಯವರಿಗೆ ಮಾಡಿದ್ದನ್ನು ಇನ್ನೂರು ಎಕರೆಗೆ ಹಿಗ್ಗಿಸುವುದಾಗಲಿ ಇನ್ನೂರರದ್ದನ್ನು ಮೂರಕ್ಕೆ ಕುಗ್ಗಿಸುವುದಾಗಲಿ ಆಗದ ಮಾತು. ಮೊದಲ ಆವೃತ್ತಿಗೆ ಒಂದನ್ನು ಆರಿಸಿ.

ಎಚ್ಚರಿಕೆಯ ಚಿಹ್ನೆ: ಇದುವರೆಗಿನ ನಿಮ್ಮ ಸಭೆಗಳೆಲ್ಲ ಬಂಗಲೆಯ ಜಗಲಿಯಲ್ಲೇ ಆಗಿದ್ದರೆ ನೀವು ಮಾತಾಡಿದ್ದು ಎಡಗಡೆಯ ಅಂಕಣದೊಡನೆ ಮಾತ್ರ.

## ಹಂತ 2: ಹೋಗುವ ಕಾಲ ಗೊತ್ತುಮಾಡಿ

ಸೋಮವಾರಪೇಟೆ ಕಡೆ ಹೆಚ್ಚಿರುವ ಅರೇಬಿಕಾ ಸುಮಾರು ನವೆಂಬರ್‌ನಿಂದ ಜನವರಿಯವರೆಗೆ ಕೊಯ್ಲಿಗೆ ಬರುತ್ತದೆ. ದಕ್ಷಿಣ ಕೊಡಗಿನ ರೊಬಸ್ಟಾ ಅದರ ಹಿಂದೆ, ಮಾರ್ಚ್‌ವರೆಗೂ ಸಾಗುತ್ತದೆ. ಬಳಕೆದಾರರನ್ನು ನೋಡಬೇಕಾದದ್ದು ಆಗಲೇ. ಜೂನ್‌ನಲ್ಲಿ ಹೋಗಿ ಕೇಳಿದರೆ ಕೊಯ್ಲು ಹೇಗೆ ನಡೆಯಬೇಕು ಎಂಬುದನ್ನು ಹೇಳುತ್ತಾರೆ, ಹೇಗೆ ನಡೆಯುತ್ತದೆ ಎಂಬುದನ್ನಲ್ಲ.

ಒಂದು ತೋಟಕ್ಕೆ ಕನಿಷ್ಠ ಮೂರು ಭೇಟಿ ಬೇಕು: ಬೆಳಗ್ಗೆ ಹಾಜರಿ ಕರೆಯುವಾಗ, ಸಂಜೆ ಹಣ್ಣು ತೂಗುವಾಗ, ಮತ್ತು ಬಟವಾಡೆಯ ದಿನ. ಮೂರನೆಯದನ್ನು ಬಹಳ ಜನ ಬಿಡುತ್ತಾರೆ, ತಪ್ಪುಗಳೆಲ್ಲ ಬಯಲಾಗುವುದು ಮಾತ್ರ ಅಂದೇ. ಸಾಧ್ಯವಾದರೆ ಜುಲೈ ಮಳೆಯಲ್ಲಿ ಒಮ್ಮೆ ಹೋಗಿ. ಕರೆಂಟ್ ಹೋಗಿ ಎರಡು ದಿನವಾದಾಗ ಟವರಿನ ಬ್ಯಾಟರಿ ಏನಾಗುತ್ತದೆ, ಫೋನನ್ನು ಎಲ್ಲಿ ಚಾರ್ಜ್ ಮಾಡುತ್ತಾರೆ ಎಂಬುದು ಆಗ ತಿಳಿಯುತ್ತದೆ.

ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್, ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ, ಕೊಯ್ಲಿನ ಆಸುಪಾಸಿನಲ್ಲೇ ಬರುವ ಪುತ್ತರಿ, ಈ ಹಬ್ಬದ ದಿನಗಳಲ್ಲಿ ಹೋದರೆ ಊಟ ಸಿಗುತ್ತದೆ, ಮಾಹಿತಿ ಸಿಗುವುದಿಲ್ಲ.

## ಹಂತ 3: ನೋಡಿ, ಆಮೇಲೆ ಕೇಳಿ

ಮೊದಲ ಒಂದು ಗಂಟೆ ಏನೂ ಕೇಳಬೇಡಿ. ತೂಕದ ಜಾಗದಲ್ಲಿ ಬದಿಗೆ ನಿಂತು ಇಷ್ಟನ್ನು ಗುರುತು ಹಾಕಿಕೊಳ್ಳಿ: ತೂಕವನ್ನು ಯಾರು ಓದುತ್ತಾರೆ, ಯಾವ ಭಾಷೆಯಲ್ಲಿ ಕೂಗುತ್ತಾರೆ, ಯಾರು ಬರೆಯುತ್ತಾರೆ, ಬರೆಯುವವರ ಕೈ ಒದ್ದೆಯಿದೆಯೇ, ಒಬ್ಬರಿಂದ ಇನ್ನೊಬ್ಬರಿಗೆ ಎಷ್ಟು ಸೆಕೆಂಡ್. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಪುಸ್ತಕದಲ್ಲಿ ಕನ್ನಡ, ಸಾಲಿನಲ್ಲಿ ಮಲಯಾಳ, ತಮಿಳು, ಯರವ ಭಾಷೆ, ಈಚೆಗೆ ಅಸ್ಸಾಮಿ ಮತ್ತು ಬಂಗಾಳಿ. ಇಷ್ಟು ಭಾಷೆಯ ನಡುವೆ ಸಂಖ್ಯೆಯನ್ನು ಯಾವುದರಲ್ಲಿ ಹೇಳುತ್ತಾರೆ ಎಂಬುದು ನಿಮ್ಮ ಸ್ಕ್ರೀನಿನ ಭಾಷೆಗಿಂತ ಮುಖ್ಯ.

ಆಮೇಲೆ ನೋಟ್‌ಬುಕ್ ತೋರಿಸಲು ಕೇಳಿ. ಇಡೀ ಹಂತದ ಜೀವ ಇರುವುದು ಇಲ್ಲೇ, ಆದ್ದರಿಂದ ಆತುರ ಬೇಡ.

ಪೆನ್ನಿನಲ್ಲಿ ಬರೆದದ್ದು ಖಚಿತ. ಪೆನ್ಸಿಲ್‌ನಲ್ಲಿ ಬರೆದದ್ದು ಬದಲಾಗಬಹುದಾದದ್ದು, ಆ್ಯಪ್‌ನಲ್ಲಿ ಅದು ತಿದ್ದಲು ಬರುವಂತಿರಬೇಕು. ಹೊಡೆದುಹಾಕಿ ಪಕ್ಕದಲ್ಲಿ ಬರೆದಿದ್ದರೆ ಯಾಕೆ ಎಂದು ಕೇಳಿ, ಪ್ರತಿಯೊಂದು ಕಾಟಿನ ಹಿಂದೆಯೂ ಒಂದು ನಿಯಮ ಅಡಗಿರುತ್ತದೆ. ಹೆಸರಿನ ಎದುರಿಗಿರುವ ಅರ್ಧದ ಗುರುತು, ಸೊನ್ನೆ, ಸಣ್ಣ ಗೀಟು, ಎರಡು ಚುಕ್ಕೆ ಎಲ್ಲದರ ಅರ್ಥವನ್ನೂ ಬರೆದುಕೊಳ್ಳಿ. ಕೊನೆಯ ಪುಟಗಳನ್ನು ತಪ್ಪದೆ ತಿರುವಿ. ಮುಂಗಡ, ಅಕ್ಕಿಯ ಬಾಬ್ತು, ಆಸ್ಪತ್ರೆಗೆ ಕೊಟ್ಟ ದುಡ್ಡು, ಊರಿಗೆ ಹೋದವರ ಬಾಕಿ ಇರುವುದು ಅಲ್ಲಿ. ಪುಸ್ತಕದ ಮುಂಭಾಗದ ಅಚ್ಚುಕಟ್ಟಾದ ಅಂಕಣಗಳನ್ನು ಮಾತ್ರ ನೋಡಿ ಮಾಡಿದ ಆ್ಯಪ್ ಬಟವಾಡೆಯ ದಿನ ಬಿದ್ದುಹೋಗುವುದು ಈ ಕೊನೆಯ ಪುಟಗಳಿಂದಲೇ.

ಪುಟದ ಫೋಟೊ ತೆಗೆಯುವ ಮುನ್ನ ಅನುಮತಿ ಕೇಳಿ, ಹೆಸರಿನ ಅಂಕಣದ ಮೇಲೆ ಹಾಳೆ ಮುಚ್ಚಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲ ನಿಯಮ ಸರಳವಾಗಿದೆ: ಯಾವ ಕೆಲಸಕ್ಕೆಂದು ಹೇಳಿ ಒಪ್ಪಿಗೆ ಪಡೆದಿರೋ ಅದಕ್ಕೆ ಬೇಕಾದಷ್ಟನ್ನೇ ತೆಗೆದುಕೊಳ್ಳಬೇಕು. ಹಣ್ಣು ತೂಗಲು ಆಧಾರ್ ಸಂಖ್ಯೆ ಬೇಕಾಗಿಲ್ಲ.

ಈಗ ಪ್ರಶ್ನೆ. "ಇಂಥ ಆ್ಯಪ್ ಇದ್ದರೆ ಬಳಸುತ್ತೀರಾ?" ಎಂದರೆ ಉತ್ತರ ಯಾವಾಗಲೂ ಹೌದು. ಮನೆಗೆ ಬಂದವರಿಗೆ ಕಾಫಿ ಕೊಟ್ಟು "ಚೆನ್ನಾಗಿದೆ" ಎನ್ನುವುದು ಇಲ್ಲಿಯ ಮರ್ಯಾದೆ, ಅದನ್ನು ಮಾರುಕಟ್ಟೆ ಸಮೀಕ್ಷೆ ಎಂದು ತಿಳಿಯಬಾರದು. ನಡೆದುಹೋದದ್ದನ್ನು ಕೇಳಿ: "ರೈಟರೇ, ಕಳೆದ ಬಟವಾಡೆಯಲ್ಲಿ ಯಾರ ಲೆಕ್ಕ ಮತ್ತೆ ಕೂಡಿಸಬೇಕಾಯಿತು? ಯಾಕೆ?" "ಮೊನ್ನೆ ಮಳೆ ಬಂದಾಗ ಪುಸ್ತಕ ಎಲ್ಲಿಟ್ಟಿರಿ?" "ನೀವು ರಜೆ ಹಾಕಿದ ದಿನ ಬರೆದವರು ಯಾರು?"

ಎಷ್ಟು ಜನರನ್ನು ನೋಡಬೇಕು? ಒಬ್ಬ ಬಳಕೆದಾರರಿಂದ ಸರಾಸರಿ ಶೇ. 31ರಷ್ಟು ತೊಡಕು ಬಯಲಾಗುತ್ತದೆ ಎಂಬ, ಬಳಕೆ ಪರೀಕ್ಷೆಯ ತಜ್ಞ ಯಾಕೋಬ್ ನೀಲ್ಸನ್ ಅವರ ಲೆಕ್ಕದಂತೆ ಐವರಿಂದ ಶೇ. 85ರಷ್ಟು ಸಿಗುತ್ತದೆ. ಇದನ್ನು ಹೆಚ್ಚಿನವರು ಅರ್ಧಕ್ಕೆ ಓದಿಕೊಂಡಿದ್ದಾರೆ. ಐವರೆಂದರೆ ಒಂದೇ ಬಗೆಯ ಐವರು. ಇಬ್ಬರು ಮಾಲೀಕರು, ಇಬ್ಬರು ರೈಟರು, ಒಬ್ಬ ಮೇಸ್ತ್ರಿ ಸೇರಿಸಿ ಐವರೆಂದರೆ ಯಾವ ಬಗೆಯೂ ಪೂರ್ತಿಯಾಗಲಿಲ್ಲ. ಬೇರೆ ಬೇರೆ ತೋಟದ ಐವರು ರೈಟರನ್ನು ಮೊದಲು ಮುಗಿಸಿ.

## ಹಂತ 4: ಅಳತೆ ಮತ್ತು ಪದಗಳ ಪಟ್ಟಿ ಮಾಡಿ

ಈ ಪಟ್ಟಿ ಮಾಡದೆ ಬರೆದ ಕೋಡ್ ಕೊಡಗಿನಲ್ಲಿ ಖಂಡಿತ ಎಡವುತ್ತದೆ.

ಸೆಂಟ್. ಜಾಗದ ಲೆಕ್ಕದಲ್ಲಿ 100 ಸೆಂಟ್ ಒಂದು ಎಕರೆ. ಮಳೆಯ ಲೆಕ್ಕದಲ್ಲಿ 100 ಸೆಂಟ್ ಒಂದು ಇಂಚು. ಬೆಳೆಗಾರರು "ನಿನ್ನೆ ಒಂದು ಇಂಚು ಐದು ಸೆಂಟ್" ಎಂದರೆ ಅದು 1.05 ಇಂಚು. ಒಂದೇ ಖಾನೆ ಕೊಟ್ಟು ದಶಮಾಂಶ ಹಾಕಲು ಬಿಟ್ಟರೆ ಅನೇಕರು 1.5 ಎಂದು ಬರೆಯುತ್ತಾರೆ, ಅಂದರೆ ಹತ್ತಿರ ಅರ್ಧ ಇಂಚು ಹೆಚ್ಚು. ಫೆಬ್ರವರಿ–ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂವರಳಿಸುವ ಮಳೆ) ಸಾಕಾಯಿತೆ, ಸ್ಪ್ರಿಂಕ್ಲರ್ ಹಾಕಬೇಕೆ ಎಂಬ ತೀರ್ಮಾನ ಈ ಸಂಖ್ಯೆಯ ಮೇಲೆ ನಿಂತಿರುತ್ತದೆ. ಇಂಚಿಗೊಂದು, ಸೆಂಟಿಗೊಂದು ಬೇರೆ ಖಾನೆ ಕೊಡಿ. ಮಿಲಿಮೀಟರ್ ಬೇಕಾದವರಿಗೆ 1 ಇಂಚು 25.4 ಮಿ.ಮೀ. ಎಂದು ಒಳಗೇ ಪರಿವರ್ತಿಸಿ ತೋರಿಸಿ.

ಮಳೆಯ ದಿನಾಂಕ. ಹವಾಮಾನ ಇಲಾಖೆ ಬೆಳಗ್ಗೆ 8.30ಕ್ಕೆ ಅಳೆದ 24 ಗಂಟೆಯ ಮಳೆಯನ್ನು ಅಳೆದ ದಿನಕ್ಕೆ ಹಾಕುತ್ತದೆ. ತೋಟಗಳಲ್ಲಿ ಅದನ್ನು ಹಿಂದಿನ ದಿನದ ಮಳೆ ಎಂದು ಬರೆಯುವವರೂ ಇದ್ದಾರೆ. ಯಾವುದೆಂದು ಕೇಳಿ, ಸ್ಕ್ರೀನಿನ ಮೇಲೆ ಬರೆದು ತೋರಿಸಿ.

ವರ್ಷ. ಕಾಫಿ ವರ್ಷ ಅಕ್ಟೋಬರ್‌ನಿಂದ ಸೆಪ್ಟೆಂಬರ್, ಹಣಕಾಸಿನ ವರ್ಷ ಏಪ್ರಿಲ್‌ನಿಂದ ಮಾರ್ಚ್, ಮಳೆಯ ಪುಸ್ತಕ ಸಾಮಾನ್ಯವಾಗಿ ಜನವರಿಯಿಂದ ಡಿಸೆಂಬರ್. "ಈ ವರ್ಷ" ಎಂಬ ಒಂದೇ ಬಟನ್ ಇಟ್ಟರೆ ಮೂರರಲ್ಲಿ ಎರಡು ಲೆಕ್ಕ ತಪ್ಪು.

ಚೀಲ ಮತ್ತು ಓಟಿ. ವ್ಯಾಪಾರದ ಚೀಲ 50 ಕಿಲೋ. ಕೊಯ್ಲಿನ ಗೋಣಿಯಲ್ಲಿ ಬರುವ ಹಣ್ಣಿನ ತೂಕಕ್ಕೂ ಇದಕ್ಕೂ ಸಂಬಂಧವಿಲ್ಲ, ಎರಡನ್ನೂ "ಚೀಲ" ಎನ್ನಬೇಡಿ. ಓಟಿ (ಔಟ್‌ಟರ್ನ್) ಎಂದರೆ 50 ಕಿಲೋ ಒಣ ಚೆರಿಯಿಂದ (ಸಿಪ್ಪೆಸಹಿತ ಒಣಗಿಸಿದ ಹಣ್ಣಿನಿಂದ) ಬರುವ ಬೀಜದ ತೂಕ. ಓಟಿ 27 ಎಂದರೆ 27 ಕಿಲೋ. ಅದನ್ನು ಶೇ. 27 ಎಂದು ಓದಿಕೊಂಡರೆ ಬೀಜ ಅರ್ಧಕ್ಕರ್ಧ ಕಡಿಮೆ ಕಾಣುತ್ತದೆ, ಏಕೆಂದರೆ ನಿಜದಲ್ಲಿ ಅದು ಶೇ. 54.

ಹೆಸರು. ಕೊಡವರಲ್ಲಿ ಮನೆತನದ ಹೆಸರು ಮೊದಲು. "ಮೊದಲ ಹೆಸರು" ಹಿಡಿದು ಕರೆಯುವ ಆ್ಯಪ್ ಕೊಡಂದೇರ ಕಾರ್ಯಪ್ಪನವರನ್ನೂ ಕೊಡಂದೇರ ತಿಮ್ಮಯ್ಯನವರನ್ನೂ "ನಮಸ್ಕಾರ ಕೊಡಂದೇರ" ಎಂದೇ ಕರೆಯುತ್ತದೆ. ಕೆಲಸಗಾರರಲ್ಲಿ ಹಲವರಿಗೆ ಒಂದೇ ಪದದ ಹೆಸರು, ಕೊನೆಯ ಹೆಸರಿನ ಖಾನೆ ಕಡ್ಡಾಯವಾದರೆ ರೈಟರು ಅಲ್ಲಿ ಚುಕ್ಕೆ ಇಟ್ಟು ಮುಂದೆ ಹೋಗುತ್ತಾರೆ. ಪೂರ್ಣ ಹೆಸರಿಗೆ ಒಂದು ಖಾನೆ, ಕರೆಯುವ ಹೆಸರಿಗೆ ಒಂದು ಖಾನೆ ಇದ್ದರೆ ಸಾಕು. ತೋಟದಲ್ಲಿ ಜನ ಗುರುತಾಗುವುದು ಎರಡನೆಯದರಿಂದ.

## ಹಂತ 5: ನೋಟ್‌ಬುಕ್‌ನ ಸಾಲಿನಿಂದ ಒಪ್ಪಿಗೆಯ ನಿಯಮ ಬರೆಯಿರಿ

"ಆ್ಯಪ್ ಕೂಲಿಯನ್ನು ಸರಿಯಾಗಿ ಲೆಕ್ಕ ಹಾಕಬೇಕು" ಎಂಬುದು ನಿಯಮವಲ್ಲ, ಹಾರೈಕೆ. ನಿಯಮವೆಂದರೆ ಸಂಖ್ಯೆ ಹಾಕಿ ಸರಿ ತಪ್ಪು ಹೇಳಲು ಬರುವಂಥದ್ದು. ಕಿಲೋಗೆ 5 ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಳ್ಳಿ:

ಒಬ್ಬರು ಮೂರು ಸಲ ತೂಗಿದ್ದು 38.5, 41 ಮತ್ತು 27.5 ಕಿಲೋ. ಒಟ್ಟು 107. ಪ್ರತಿ ಗೋಣಿಯ ತೂಕವೆಂದು ಅರ್ಧ ಕಿಲೋ ಕಳೆದರೆ 105.5. ಕೂಲಿ 527 ರೂಪಾಯಿ 50 ಪೈಸೆ.

ಐವತ್ತು ಪೈಸೆಯನ್ನು ಏನು ಮಾಡಬೇಕು? ದಿನಾ 528ಕ್ಕೆ ಏರಿಸಿದರೆ ಆರು ದಿನಕ್ಕೆ 3168. ವಾರದ ಕೊನೆಗೆ ಒಮ್ಮೆ ಕೂಡಿಸಿದರೆ 3165. ಮೂರೇ ರೂಪಾಯಿ ಎನ್ನಬೇಡಿ: ನಲವತ್ತು ಜನರಿಗೆ 120 ರೂಪಾಯಿ, ಮತ್ತು ಪಕ್ಕದ ಲೈನಿನವರಿಗೆ ಬಂದದ್ದು ತನಗೆ ಬರಲಿಲ್ಲ ಎಂಬ ಮಾತು. ರೈಟರು ಇಷ್ಟು ವರ್ಷ ಯಾವುದನ್ನು ಮಾಡುತ್ತಾ ಬಂದಿದ್ದಾರೋ ಅದೇ ನಿಯಮ. ನಿಮಗೆ ಹೆಚ್ಚು ತರ್ಕಬದ್ಧವಾಗಿ ಕಾಣುವುದನ್ನು ತುರುಕಬೇಡಿ.

ಇಂಥ ಇಪ್ಪತ್ತು ಸಾಲು ಸಾಕು. ದಿನಗೂಲಿಯವರು, ಕಿಲೋ ಲೆಕ್ಕದವರು, ದಿನಗೂಲಿಯ ಮೇಲೆ ಹೆಚ್ಚಿನ ಕಿಲೋಗೆ ದುಡ್ಡು ಪಡೆಯುವವರು, ಅರ್ಧ ದಿನದವರು, ಮುಂಗಡವು ಕೂಲಿಗಿಂತ ಹೆಚ್ಚಾದವರು, ವಾರದ ಮಧ್ಯೆ ದರ ಬದಲಾದದ್ದು. ಪ್ರತಿಯೊಂದರ ಉತ್ತರವನ್ನೂ ರೈಟರಿಂದಲೇ ಕೈಯಲ್ಲಿ ಲೆಕ್ಕ ಹಾಕಿಸಿ. ಈ ಇಪ್ಪತ್ತು ಸಾಲೇ ಮುಂದೆ ನಿಮ್ಮ ಸ್ವಯಂಚಾಲಿತ ಪರೀಕ್ಷೆ.

ಕೋಡ್ ಬರೆಯುವವರಿಗೆ ಒಂದೇ ಮಾತು: ದುಡ್ಡನ್ನು ಪೈಸೆಯಲ್ಲೂ ತೂಕವನ್ನು ಗ್ರಾಮಿನಲ್ಲೂ ಪೂರ್ಣಾಂಕವಾಗಿ ಇಡಿ. ಫ್ಲೋಟ್‌ನಲ್ಲಿ (ಕಂಪ್ಯೂಟರ್ ದಶಮಾಂಶ ಇಡುವ ಅಂದಾಜು ರೂಪದಲ್ಲಿ) 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ, ಸಾವಿರಾರು ತೂಕ ಕೂಡುವಾಗ ಅದು ಎಲ್ಲೋ ಒಂದು ಕಡೆ ರೂಪಾಯಿಯಾಗಿ ತಲೆ ಎತ್ತುತ್ತದೆ.

## ಹಂತ 6: ಕಾಗದದ ಮೇಲೆ ಮಾದರಿ

ಫೋನ್ ಅಳತೆಯ ಕಾಗದದ ಮೇಲೆ ಸ್ಕ್ರೀನ್ ಬರೆದು ರೈಟರ ಕೈಗೆ ಕೊಡಿ. "ಇವರ ತೂಕ ಹಾಕಿ" ಎಂದಷ್ಟೇ ಹೇಳಿ ಸುಮ್ಮನಿರಿ. ಬೆರಳು ಎಲ್ಲಿ ತಡೆಯಿತು ಎಂದು ನೋಡಿ. ಸಹಾಯ ಮಾಡಲು ಬಾಯಿ ತುರಿಸುತ್ತದೆ, ತಡೆದುಕೊಳ್ಳಿ.

ನಲವತ್ತು ಜನರ ಸಾಲಿನಲ್ಲಿ ಒಬ್ಬೊಬ್ಬರಿಗೆ 20 ಸೆಕೆಂಡ್ ಹೆಚ್ಚಾದರೆ 13 ನಿಮಿಷ ತಡ. ದಿನವಿಡೀ ಕೊಯ್ದು ಬೆನ್ನು ನೋಯುತ್ತಿರುವವರು ಆ 13 ನಿಮಿಷವನ್ನು ಕ್ಷಮಿಸುವುದಿಲ್ಲ. ಪುಸ್ತಕದಲ್ಲಿ ಬರೆಯಲು ಹಿಡಿಯುವಷ್ಟೇ ಹೊತ್ತು ನಿಮ್ಮ ಗುರಿ.

ಬಟನ್ ಕನಿಷ್ಠ 48 ಡಿಪಿ (ಪರದೆಯ ಮೇಲಿನ ಅಳತೆಯ ಮಾನ) ಎಂಬುದು ಆಂಡ್ರಾಯ್ಡ್‌ನ ಸಲಹೆ. ಕಾಫಿ ಹಣ್ಣಿನ ಅಂಟು ಹತ್ತಿದ ಬೆರಳಿಗೆ ಅದಕ್ಕಿಂತ ದೊಡ್ಡದೇ ಇರಲಿ. ಅಕ್ಷರ ಮತ್ತು ಹಿನ್ನೆಲೆಯ ವ್ಯತ್ಯಾಸಕ್ಕೆ ಸುಲಭಬಳಕೆಯ ಮಾನದಂಡ ಹೇಳುವ ಕನಿಷ್ಠ 4.5:1. ಬಯಲಿನ ಬಿಸಿಲಿಗೆ 7:1 ಇಟ್ಟುಕೊಳ್ಳಿ. ತಿಳಿಬೂದು ಅಕ್ಷರ ಆಫೀಸಿನಲ್ಲಿ ಸೊಗಸು, ಕಣದಲ್ಲಿ ಕಾಣುವುದಿಲ್ಲ.

## ಹಂತ 7: ಕನ್ನಡ ಅಕ್ಷರಗಳ ಪರೀಕ್ಷೆ

ಇದನ್ನು ಮಾಡುವವರು ಕಡಿಮೆ, ಆದ್ದರಿಂದಲೇ "ಹೆಸರು ಹುಡುಕಿದರೆ ಸಿಗುತ್ತಿಲ್ಲ" ಎಂಬ ದೂರು ಇಷ್ಟು ಹೆಚ್ಚು.

"ಕೊಡಗು" ಎಂಬ ಪದವನ್ನೇ ತೆಗೆದುಕೊಳ್ಳಿ. ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಒತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತ ಸೇರಿಸಿಯೂ ಇಡಬಹುದು. ಮೊದಲನೆಯ ರೀತಿಯಲ್ಲಿ ಪದದ ಉದ್ದ 5, ಎರಡನೆಯದರಲ್ಲಿ 6. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಉಳಿಸುವ ಮುನ್ನ ಮತ್ತು ಹುಡುಕುವ ಮುನ್ನ ಎನ್‌ಎಫ್‌ಸಿ ಎಂಬ ಒಂದೇ ಪ್ರಮಾಣಿತ ರೂಪಕ್ಕೆ ತರಬೇಕು.

ಎರಡನೇ ಬಲೆ ಸೊನ್ನೆ. ಅನುಸ್ವಾರದ ಬದಲು ಕನ್ನಡ ಅಂಕಿ ಸೊನ್ನೆಯನ್ನು ಒತ್ತುವವರು ಬಹಳ. "ಪೊನ್ನಂಪೇಟೆ" ಮತ್ತು "ಪೊನ್ನ೦ಪೇಟೆ" ಎರಡನ್ನೂ ನಿಧಾನವಾಗಿ ನೋಡಿ: ಎರಡನೆಯದರ ನಡುವೆ ಇರುವುದು ಅಂಕಿ. ಅಕ್ಷರಗಳ ನಡುವೆ ಸೊನ್ನೆ ಬಂದರೆ ಅನುಸ್ವಾರವಾಗಿ ತಿದ್ದಿ. ಮೂರನೆಯದು ಕಣ್ಣಿಗೆ ಕಾಣದ ಅಕ್ಷರತಡೆ, ಅಂದರೆ ಒತ್ತಕ್ಷರ ಕೂಡದಂತೆ ತಡೆಯುವ ಸಂಕೇತ. ವಿರಾಜಪೇಟೆ, ವೀರಾಜಪೇಟೆ, ವಿರಾಜ್‌ಪೇಟೆ ಮೂರೂ ಒಂದೇ ಊರು, ಮೂರನೆಯದರ ಹೊಟ್ಟೆಯಲ್ಲಿ ಆ ಕಾಣದ ಸಂಕೇತವೂ ಇದೆ. ಊರಿನ ಹೆಸರನ್ನು ಟೈಪ್ ಮಾಡಿಸಬೇಡಿ, ಪಟ್ಟಿಯಿಂದ ಆರಿಸುವಂತೆ ಮಾಡಿ.

ಹಳೆಯ ಎಕ್ಸೆಲ್ ಹಾಳೆ ಯೂನಿಕೋಡ್‌ಗಿಂತ ಮುಂಚಿನ ನುಡಿ ಫಾಂಟ್‌ನಲ್ಲಿದ್ದರೆ ಆಮದು ಮಾಡಿದಾಗ ಅರ್ಥವಿಲ್ಲದ ಗುರುತುಗಳು ಬರುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಹೆಸರುಗಳನ್ನು ಒಂದೊಂದಾಗಿ ಕಣ್ಣಾಡಿಸಿ, ಕೆಡುವುದು ಅವೇ.

ಎಸ್‌ಎಂಎಸ್ ಕಳಿಸುವುದಾದರೆ ಲೆಕ್ಕ ಬೇರೆ. ಇಂಗ್ಲಿಷ್ ಸಂದೇಶಕ್ಕೆ 160 ಅಕ್ಷರ, ಕನ್ನಡಕ್ಕೆ 70. ಉದ್ದವಾದರೆ ಪ್ರತಿ ತುಂಡಿಗೆ 67. ಗುಣಿತಾಕ್ಷರದ ಚಿಹ್ನೆಯೂ ಒಂದು ಎಂದೇ ಎಣಿಕೆ: "ಮಡಿಕೇರಿ" ನಾಲ್ಕು ಅಕ್ಷರವಾಗಿ ಕಂಡರೂ ಏಳು. ಕೂಲಿಯ ವಿವರವನ್ನು ಒಂದೇ ತುಂಡಿನಲ್ಲಿ ಮುಗಿಸಿ, ಇಲ್ಲವಾದರೆ ಪ್ರತಿ ಸಂದೇಶಕ್ಕೆ ಎರಡರ ದುಡ್ಡು. ಸಂದೇಶದ ಮಾದರಿಯನ್ನು ಡಿಎಲ್‌ಟಿಯಲ್ಲಿ (ಮೊಬೈಲ್ ಕಂಪನಿಗಳ ಎಸ್‌ಎಂಎಸ್ ನೋಂದಣಿ ವ್ಯವಸ್ಥೆಯಲ್ಲಿ) ಮೊದಲೇ ನೋಂದಾಯಿಸದಿದ್ದರೆ ಅದು ಹೋಗುವುದೇ ಇಲ್ಲ.

## ಹಂತ 8: ನೆಟ್‌ವರ್ಕ್ ಇಲ್ಲದ ದಿನದ ಪರೀಕ್ಷೆ

ಗಾಳಿಬೀಡು, ಕಕ್ಕಬ್ಬೆ, ಭಾಗಮಂಡಲದ ಕಡೆಯ ಇಳಿಜಾರುಗಳಲ್ಲಿ ಸಿಗ್ನಲ್ ಒಂದು ಮರದ ಕೆಳಗಿದ್ದು ಪಕ್ಕದ ಮರದ ಕೆಳಗಿರುವುದಿಲ್ಲ. ಪೂರ್ತಿ ಇಲ್ಲದಿರುವುದಕ್ಕಿಂತ ಬಂದು ಹೋಗುವ ನೆಟ್‌ವರ್ಕೇ ಹೆಚ್ಚು ಅಪಾಯ. ದಾಖಲೆ ಸರ್ವರ್‌ಗೆ ಮುಟ್ಟಿರುತ್ತದೆ, "ಮುಟ್ಟಿತು" ಎಂಬ ಉತ್ತರ ಫೋನಿಗೆ ಬರುವಷ್ಟರಲ್ಲಿ ಸಿಗ್ನಲ್ ಹೋಗುತ್ತದೆ, ಫೋನ್ ಮತ್ತೆ ಕಳಿಸುತ್ತದೆ, 41 ಕಿಲೋ 82 ಆಗುತ್ತದೆ.

ತಡೆಯುವ ಬಗೆ: ಪ್ರತಿ ತೂಕಕ್ಕೂ ಫೋನಿನಲ್ಲೇ, ಉಳಿಸುವ ಕ್ಷಣದಲ್ಲೇ, ಮತ್ತೆಲ್ಲೂ ಬರದ ಒಂದು ಗುರುತು ಸಂಖ್ಯೆ ಕೊಡಿ. ಅದೇ ಗುರುತು ಎರಡನೇ ಸಲ ಬಂದರೆ ಸರ್ವರ್ ಹೊಸದಾಗಿ ಸೇರಿಸದೆ "ಇದೆ" ಎಂದಷ್ಟೇ ಉತ್ತರಿಸಲಿ. ಹೆಸರು, ದಿನಾಂಕ, ತೂಕ ಒಂದೇ ಇದ್ದರೆ ನಕಲು ಎಂದು ತೀರ್ಮಾನಿಸುವ ಜಾಣತನ ಬೇಡ. ಒಬ್ಬರೇ ಒಂದೇ ಸಂಜೆ ಎರಡು ಸಲ 41 ಕಿಲೋ ತರುವುದು ಅಪರೂಪವಲ್ಲ.

ಪರೀಕ್ಷೆಯ ಕ್ರಮ ಹೀಗಿರಲಿ:

1. ಏರ್‌ಪ್ಲೇನ್ ಮೋಡ್ ಹಾಕಿ 60 ತೂಕ ನಮೂದಿಸಿ. ಒಟ್ಟು ಕಿಲೋವನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಿ.
2. ಮೂವತ್ತನೆಯದನ್ನು ಉಳಿಸಿದ ತಕ್ಷಣ ಪವರ್ ಬಟನ್ ಒತ್ತಿಹಿಡಿದು ಫೋನ್ ಬಲವಂತವಾಗಿ ರೀಸ್ಟಾರ್ಟ್ ಮಾಡಿ. ಮೂವತ್ತೂ ಉಳಿದಿರಬೇಕು.
3. ನೆಟ್‌ವರ್ಕನ್ನು ಐದು ಸೆಕೆಂಡ್ ಕೊಟ್ಟು ತೆಗೆಯಿರಿ. ಹೀಗೆ ಹತ್ತು ಸಲ.
4. ಪೂರ್ತಿ ನೆಟ್‌ವರ್ಕ್ ಕೊಟ್ಟು ಕಾಯಿರಿ. ಸರ್ವರ್‌ನಲ್ಲಿ ಸರಿಯಾಗಿ 60 ಇರಬೇಕು, ಕಿಲೋ ಕಾಗದಕ್ಕೆ ತಾಳೆಯಾಗಬೇಕು. 59 ಆದರೂ 61 ಆದರೂ ಸೋತಂತೆ.
5. ಫೋನಿನ ದಿನಾಂಕವನ್ನು ಒಂದು ದಿನ ಹಿಂದಕ್ಕೆ ತಿರುಗಿಸಿ ಮತ್ತೆ ಹತ್ತು ನಮೂದಿಸಿ. ಫೋನಿನ ಹೊತ್ತು ಮತ್ತು ಸರ್ವರ್‌ಗೆ ಬಂದ ಹೊತ್ತು ಎರಡನ್ನೂ ಇಟ್ಟಿದ್ದರೆ ಮಾತ್ರ ತಪ್ಪು ಹಿಡಿಯಬಹುದು.
6. ಎರಡನೇ ಫೋನಿನಲ್ಲಿ ಅದೇ ಕೆಲಸಗಾರರ ತೂಕ ಹಾಕಿ. ಒಂದು ಇನ್ನೊಂದನ್ನು ಅಳಿಸಬಾರದು.
7. ಬ್ಯಾಟರಿ ಉಳಿತಾಯ ಹಾಕಿ ರಾತ್ರಿಯಿಡೀ ಬಿಡಿ. ಹಲವು ಫೋನ್‌ಗಳು ಹಿನ್ನೆಲೆಯ ಕೆಲಸವನ್ನು ಕೊಂದುಬಿಡುತ್ತವೆ, ಬೆಳಗ್ಗೆ ಆ್ಯಪ್ ತೆರೆದಾಗ ಉಳಿದದ್ದು ತಾನಾಗಿ ಹೋಗಬೇಕು.

ಸ್ಕ್ರೀನಿನ ಮೇಲೆ "12 ದಾಖಲೆ ಇನ್ನೂ ಫೋನಿನಲ್ಲೇ ಇವೆ" ಎಂಬ ಸಾಲು ಯಾವಾಗಲೂ ಕಾಣುತ್ತಿರಲಿ. ಆ ಸಾಲಿಲ್ಲದೆ ರೈಟರು ಆ್ಯಪ್ ಅಳಿಸಿ ಮತ್ತೆ ಹಾಕಿಕೊಂಡರೆ ಆ ದಿನದ ಲೆಕ್ಕ ಹೊಳೆ ಪಾಲು.

## ಹಂತ 9: ದೋಷಗಳ ದರ್ಜೆ

ಮೂರೇ ದರ್ಜೆ ಸಾಕು. ದುಡ್ಡು ಅಥವಾ ತೂಕ ತಪ್ಪುವುದು, ದಾಖಲೆ ಕಳೆಯುವುದು ಮೊದಲನೆಯದು: ಬಿಡುಗಡೆ ನಿಲ್ಲುತ್ತದೆ. ತೂಕದ ಸಾಲು ಮುಂದೆ ಸಾಗದಿರುವುದು ಎರಡನೆಯದು. ನೋಟ ಕೆಡುವುದು ಮೂರನೆಯದು. ದರ್ಜೆಯನ್ನು ಕೋಡ್ ಬರೆದವರು ಹಾಕಬಾರದು, ಅವರಿಗೆ ಎಲ್ಲವೂ ಮೂರನೆಯದಾಗಿಯೇ ಕಾಣುತ್ತದೆ.

ದೂರಿನ ಜೊತೆ ಫೋನ್ ಮಾದರಿ, ಆಂಡ್ರಾಯ್ಡ್ ಆವೃತ್ತಿ, ಆ್ಯಪ್ ಆವೃತ್ತಿ, ಆಗ ನೆಟ್‌ವರ್ಕ್ ಇತ್ತೇ, ಏನು ಬರಬೇಕಿತ್ತು, ಏನು ಬಂತು ಎಂಬುದಿರಲಿ. ಮೊದಲ ದರ್ಜೆಯ ದೋಷವನ್ನು ಸರಿಪಡಿಸುವ ಮುನ್ನ ಅದನ್ನು ಹಿಡಿಯುವ ಸ್ವಯಂಚಾಲಿತ ಪರೀಕ್ಷೆ ಬರೆಯಿರಿ. ಇಲ್ಲವಾದರೆ ಮುಂದಿನ ಕೊಯ್ಲಿಗೆ ಅದೇ ದೋಷ ನೆಂಟನಂತೆ ಮರಳಿ ಬರುತ್ತದೆ.

ತಂತ್ರಾಂಶ ಗುಣಮಟ್ಟದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 25010, 2023ರ ಪರಿಷ್ಕರಣೆಯಲ್ಲಿ ಒಂಬತ್ತು ಗುಣಗಳನ್ನು ಹೇಳುತ್ತದೆ. ಒಂಬತ್ತನ್ನೂ ಗೋಡೆಗೆ ಅಂಟಿಸುವುದಕ್ಕಿಂತ, ಈ ಕೆಲಸಕ್ಕೆ ಬೇಕಾದ ಮೂರನ್ನು ಬಿಗಿಯಾಗಿ ಹಿಡಿಯುವುದು ಮೇಲು: ಲೆಕ್ಕ ಸರಿಯಿರುವುದು, ಕೈಕೊಡದಿರುವುದು, ಬಳಸಲು ಬರುವುದು.

## ಹಂತ 10: ನಾಲ್ಕು ಬಟವಾಡೆ ಎರಡೂ ಲೆಕ್ಕ

ಒಂದು ತೋಟದಲ್ಲಿ ಪುಸ್ತಕ ಮತ್ತು ಆ್ಯಪ್ ಎರಡನ್ನೂ ನಾಲ್ಕು ಬಟವಾಡೆ ಒಟ್ಟಿಗೆ ನಡೆಸಿ. ಈ ಅವಧಿಯಲ್ಲಿ ಕೂಲಿ ಕೊಡುವುದು ಪುಸ್ತಕದ ಲೆಕ್ಕದಂತೆಯೇ. ದಿನಾ ಸಂಜೆ ಮೂರು ಮೊತ್ತ ತಾಳೆ ನೋಡಿ: ಆಳು, ಕಿಲೋ, ರೂಪಾಯಿ. ಆಳು ತಪ್ಪಿದ್ದರೆ ಹಾಜರಿಯಲ್ಲಿ ಹುಡುಕಿ. ಆಳು ಸರಿಯಿದ್ದು ಕಿಲೋ ತಪ್ಪಿದ್ದರೆ ತೂಕದ ನಮೂದು ಅಥವಾ ಗೋಣಿಯ ತೂಕ ಕಳೆದದ್ದು. ಎರಡೂ ಸರಿಯಿದ್ದು ರೂಪಾಯಿ ತಪ್ಪಿದ್ದರೆ ದರ ಅಥವಾ ಪೈಸೆಯ ನಿಯಮ.

ಕೆಲವು ಸಲ ತಪ್ಪು ಪುಸ್ತಕದ್ದೇ ಆಗಿರುತ್ತದೆ. ಅದನ್ನು ಸಾಲಿನ ಎದುರು ಹೇಳಬೇಡಿ. ಎಲ್ಲರೂ ಹೋದ ಮೇಲೆ ರೈಟರಿಗೆ ಮಾತ್ರ ತೋರಿಸಿ, ತಿದ್ದುವುದನ್ನು ಅವರಿಗೇ ಬಿಡಿ. ಮಾಲೀಕರಿಗೆ ಮೊದಲು ತಿಳಿಸಿದಿರೋ, ರೈಟರು ಆ್ಯಪನ್ನು ತನ್ನ ಮೇಲಿಟ್ಟ ಕಾವಲೆಂದೇ ತಿಳಿಯುತ್ತಾರೆ. ಅಲ್ಲಿಗೆ ಮುಗಿಯಿತು.

ಕೊನೆಯ ಎರಡು ಬಟವಾಡೆಯಲ್ಲಿ ಪೈಸೆಯ ಮಟ್ಟಕ್ಕೆ ತಾಳೆಯಾದರೆ ಮುಂದಿನ ಹಂತಕ್ಕೆ ಹೋಗಿ.

## ಹಂತ 11: ಬಿಡುಗಡೆ

ಪ್ಲೇ ಸ್ಟೋರ್‌ನಲ್ಲಿ 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆಯಾದರೆ, ಸಾರ್ವಜನಿಕ ಬಿಡುಗಡೆಗೆ ಮುನ್ನ ಕನಿಷ್ಠ 12 ಜನ ಸತತ 14 ದಿನ ಮುಚ್ಚಿದ ಪರೀಕ್ಷೆಯಲ್ಲಿ (ಪಟ್ಟಿಯಲ್ಲಿರುವವರಿಗೆ ಮಾತ್ರ ಆ್ಯಪ್ ಸಿಗುವ ಪರೀಕ್ಷೆಯಲ್ಲಿ) ಇರಬೇಕು. ಕೊಯ್ಲಿಗೆ ಬೇಕಾದದ್ದನ್ನು ಅಕ್ಟೋಬರ್ ಆರಂಭದಲ್ಲೇ ಅಲ್ಲಿಗೆ ಹಾಕಿ. ಆ 12 ಜನರಲ್ಲಿ ಅರ್ಧದಷ್ಟಾದರೂ ತೋಟದವರಿರಲಿ, ಕಚೇರಿಯ ಗೆಳೆಯರಷ್ಟೇ ಆದರೆ ಲೆಕ್ಕ ಭರ್ತಿಯಾಗುತ್ತದೆ, ಪರೀಕ್ಷೆ ಆಗುವುದಿಲ್ಲ.

ಒಂದು ತೋಟ, ಆಮೇಲೆ ಐದು, ಆಮೇಲೆ ಉಳಿದವು. ಶೇಕಡಾವಾರು ಹಂತದ ಬಿಡುಗಡೆಯಲ್ಲಿ ಯಾವ ತೋಟಕ್ಕೆ ಹೋಗುತ್ತದೆಂದು ನೀವು ಆರಿಸಲಾಗದು, ಆದ್ದರಿಂದ ಕಡಿಮೆ ಬಳಕೆದಾರರಿರುವಾಗ ಮುಚ್ಚಿದ ಪರೀಕ್ಷೆಯ ಪಟ್ಟಿಯೇ ಅನುಕೂಲ. ಪ್ಲೇ ಸ್ಟೋರ್‌ನಲ್ಲಿ ಬಿಡುಗಡೆಯನ್ನು ನಿಲ್ಲಿಸಬಹುದು, ಈಗಾಗಲೇ ಹೊಸತನ್ನು ಹಾಕಿಕೊಂಡವರನ್ನು ಹಳೆಯದಕ್ಕೆ ತರಲಾಗದು. ಹಳೆಯ ಕೋಡನ್ನೇ ಮೇಲಿನ ಆವೃತ್ತಿ ಸಂಖ್ಯೆ ಕೊಟ್ಟು ಮತ್ತೆ ಕಳಿಸಬೇಕು. ಅದನ್ನು ಒಮ್ಮೆ ಅಭ್ಯಾಸ ಮಾಡಿಟ್ಟುಕೊಳ್ಳಿ.

ನವೆಂಬರ್ ಮಧ್ಯದಿಂದ ಮಾರ್ಚ್ ಕೊನೆಯವರೆಗೆ ಹೊಸ ಸೌಲಭ್ಯ ಬೇಡ. ಮೊದಲ ದರ್ಜೆಯ ದೋಷ ಮಾತ್ರ ತಿದ್ದಿ, ಅದೂ ಬಟವಾಡೆಯ ಹಿಂದಿನ ದಿನ ಅಲ್ಲ.

## ಬಿಡುಗಡೆಯ ಮೇಲೆ ನೋಡುತ್ತಿರಬೇಕಾದ ಚಿಹ್ನೆಗಳು

ಆ್ಯಪ್‌ಗಳ ಆರೋಗ್ಯ ಅಳೆಯುವ ಆಂಡ್ರಾಯ್ಡ್ ವೈಟಲ್ಸ್‌ನಲ್ಲಿ ಬಳಕೆದಾರರಿಗೆ ಕಾಣುವ ಕ್ರ್ಯಾಶ್ ಶೇ. 1.09, ಸ್ಪಂದಿಸದೆ ನಿಲ್ಲುವುದು ಶೇ. 0.47 ದಾಟಿದರೆ ಪ್ಲೇ ಸ್ಟೋರ್ ಅದನ್ನು ಕೆಟ್ಟ ನಡತೆ ಎಂದು ಪರಿಗಣಿಸುತ್ತದೆ. ಆದರೆ ತೋಟದ ಆ್ಯಪ್ ಸಾಯುವುದು ಕ್ರ್ಯಾಶ್‌ನಿಂದಲ್ಲ, ಸದ್ದಿಲ್ಲದೆ. ಆ ಸದ್ದಿಲ್ಲದ ಚಿಹ್ನೆಗಳು ನಿಮ್ಮ ದಾಖಲೆಯಲ್ಲೇ ಇರುತ್ತವೆ.

ಎಲ್ಲರ ತೂಕವೂ 40, 45, 50 ಎಂದು ದುಂಡಗಾಗಿ ಬರುತ್ತಿದ್ದರೆ ದಶಮಾಂಶ ಒತ್ತುವುದು ಕಷ್ಟವಾಗಿದೆ. ಹಂತ 6ಕ್ಕೆ ಹೋಗಿ.

ಒಂದೇ ವ್ಯಕ್ತಿಗೆ ಎರಡು ಮೂರು ಹೆಸರಿನ ದಾಖಲೆ ಹುಟ್ಟುತ್ತಿದ್ದರೆ ಹುಡುಕಾಟ ಕೆಲಸ ಮಾಡುತ್ತಿಲ್ಲ. ಹಂತ 7.

ಮುಂಗಡದ ಖಾನೆ ಎಲ್ಲರಿಗೂ ಸೊನ್ನೆ ಇದ್ದರೆ ಮುಂಗಡ ಕೊಡುವುದು ನಿಂತಿಲ್ಲ, ಅದು ಮತ್ತೆ ನೋಟ್‌ಬುಕ್‌ನ ಕೊನೆಯ ಪುಟ ಸೇರಿದೆ. ಹಂತ 3.

ನಮೂದಿನ ಹೊತ್ತನ್ನು ಗಮನಿಸಿ. ತೂಕ ನಡೆಯುವುದು ಸಂಜೆ ನಾಲ್ಕರ ಸುಮಾರಿಗೆ. ದಾಖಲೆಗಳೆಲ್ಲ ರಾತ್ರಿ ಒಂಬತ್ತಕ್ಕೆ, ಹತ್ತು ಹದಿನೈದು ಸೆಕೆಂಡಿಗೊಂದರಂತೆ ಒಂದೇ ಉಸಿರಿಗೆ ಬಂದಿದ್ದರೆ, ರೈಟರು ಕಣದಲ್ಲಿ ಪುಸ್ತಕಕ್ಕೆ ಬರೆದು ಮನೆಗೆ ಬಂದು ಆ್ಯಪ್‌ಗೆ ನಕಲು ಮಾಡುತ್ತಿದ್ದಾರೆ ಎಂದರ್ಥ. ಆ್ಯಪ್ ಅವರಿಗೆ ಎರಡನೇ ಕೆಲಸವಾಗಿದೆ, ಇನ್ನೆರಡು ವಾರದಲ್ಲಿ ಬಿಡುತ್ತಾರೆ. ಫೋನ್ ಮಾಡಿ ಕೇಳಿದರೆ "ಏನೂ ತೊಂದರೆ ಇಲ್ಲ" ಎಂದೇ ಉತ್ತರ ಬರುತ್ತದೆ. ಮರುದಿನ ಮೂರೂವರೆಗೆ ತೂಕದ ಜಾಗದಲ್ಲಿ, ಲ್ಯಾಪ್‌ಟಾಪ್ ಗಾಡಿಯಲ್ಲೇ ಬಿಟ್ಟು, ಬದಿಗೆ ನಿಂತು ನೋಡಿ.